ಮೇಲಿನ ಸಾಲಿಗೆ ಬಿದ್ದ ಒಂದು

ಜೂನ್ ೩, ಸೋಮವಾರ

ಇವತ್ತು ಆಫೀಸಿನಲ್ಲಿ ನಮ್ಮ ಮೇಜುಗಳನ್ನು ಬೋಳಿಸಿದರು. ದೊಡ್ಡ ಕಂಪ್ಯೂಟರುಗಳು, ದಪ್ಪ ಕೀಬೋರ್ಡುಗಳು ಎಲ್ಲ ತಳ್ಳುಗಾಡಿ ಹತ್ತಿ ಹೊರಗೆ ಹೋದವು. ಬದಲಿಗೆ ತಲಾ ಒಂದು ಪುಟಾಣಿ ಲ್ಯಾಪ್‌ಟಾಪು. ಕಂಕುಳಲ್ಲಿ ಇಟ್ಟರೆ ಹೊರಗೆ ಕಾಣುವುದಿಲ್ಲ, ಅಷ್ಟು ಸಣ್ಣದು. ನಮ್ಮ ಮ್ಯಾನೇಜರು ಬೈಯುವಾಗಲೂ ಹಲ್ಲು ಮುಚ್ಚದ ಮನುಷ್ಯ, ಅದಕ್ಕೇ ಎಲ್ಲರೂ ಅವನನ್ನು ಹಿಂದಿನಿಂದ ನಗುಮುಖ ಅನ್ನುತ್ತೇವೆ. ಒಂದು ಲ್ಯಾಪ್‌ಟಾಪನ್ನು ಅಂಗೈ ಮೇಲೆ ಕೂರಿಸಿಕೊಂಡು ಹೇಳಿದ: "ನೋಡಿ, ಇನ್ಮೇಲೆ ಕೆಲಸ ನಿಮ್ಮ ಜೊತೆ ಮನೆಗೂ ಬರುತ್ತೆ, ಬಸ್ಸಿಗೂ ಬರುತ್ತೆ."

"ಕಕ್ಕಸಿಗೂ ಬರುತ್ತೆ," ಎಂದು ನನ್ನ ಪಕ್ಕದ ಎರಡ್ಬೆರಳು ಗೊಣಗಿದ. ವರ್ಷಗಟ್ಟಲೆ ಕೋಡ್ ಬರೆದರೂ ಎರಡು ತೋರುಬೆರಳಲ್ಲೇ ಕೋಳಿ ಕಾಳು ಹೆಕ್ಕಿದಂತೆ ಕುಟ್ಟುವವನು. ಹೆಸರು ಹಾಗೇ ಬಂತು.

ಕೀಬೋರ್ಡ್ ಮೇಲೆ ಕೈ ಇಟ್ಟೆ. ಕೀಗಳಿಗೆ ಆಳವೇ ಇಲ್ಲ. ಒತ್ತಿದರೆ ಇಳಿಯುವುದಿಲ್ಲ, ಬಿಟ್ಟರೆ ಏಳುವುದಿಲ್ಲ, ಕಲ್ಲುಚಪ್ಪಡಿಗೆ ಬೆರಳು ಬಡಿದ ಹಾಗೆ. ಜಾಗ ಉಳಿಸಲು ಬಲಗಡೆಯ ಶಿಫ್ಟ್ ಕೀಯನ್ನು ಕತ್ತರಿಸಿ ಉಗುರಿನಷ್ಟು ಮಾಡಿದ್ದಾರೆ. ಉಳಿದ ಜಾಗಕ್ಕೆ, ಶಿಫ್ಟಿನ ಮಗ್ಗುಲಿಗೇ, ಮೇಲೆ ಹೋಗುವ ಬಾಣದ ಕೀಯನ್ನು ತುರುಕಿದ್ದಾರೆ. ಇದರ ನಕ್ಷೆ ಗೀಚಿದವನು ಪರದೆಯ ಅಂದ ಅಳೆದಿದ್ದಾನೆ, ಚೀಲದ ಅಗಲ ಅಳೆದಿದ್ದಾನೆ, ದಿನವಿಡೀ ಇದರ ಮೇಲೆ ದುಡಿಯುವವರ ಕೈ ಎಷ್ಟು ಅಗಲ ಎಂದು ಮಾತ್ರ ಕೇಳಿಲ್ಲ.

ಇರಲಿ, ನನಗೇನು? ನಾನು ಅಮ್ಮನ ಮಗಳು. ಅಮ್ಮ ಟೈಪಿಂಗ್ ಶಾಲೆ ನಡೆಸಿದವಳು. ಕಲಿಯಲು ಬಂದವರ ಕೈ ಮೇಲೆ ಟವೆಲ್ ಹೊದಿಸಿ ಕೂರಿಸುತ್ತಿದ್ದಳು. "ಕಣ್ಣು ಕೆಳಗೆ ಹೋಗಬಾರದು. ಕೆಳಗೆ ನೋಡಿ ಹೊಡೆಯೋಳು ಟೈಪಿಸ್ಟೇ ಅಲ್ಲ." ಎಡಗೈಯ ಅಕ್ಷರಕ್ಕೆ ಬಲಗೈಯ ಶಿಫ್ಟ್, ಬಲಗೈಯ ಅಕ್ಷರಕ್ಕೆ ಎಡಗೈಯ ಶಿಫ್ಟ್. ತಪ್ಪಿದರೆ ಗೆಣ್ಣಿಗೆ ಸ್ಕೇಲು. ಆ ಪೆಟ್ಟಿನ ಋಣ, ಇವತ್ತಿಗೂ ಈ ಆಫೀಸಿನಲ್ಲಿ ನನ್ನಷ್ಟು ವೇಗದ ಕೈ ಇನ್ನೊಂದಿಲ್ಲ.

ಹೊಸ ಕೆಲಸ ಬಂದಿದೆ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಗೆ ಗೇಟಿನ ಯಂತ್ರ. ಊಟದ ಬಿಡುವು ಮುಗಿದ ಗಂಟೆ ಹೊಡೆದ ಮೇಲೆ ಐದು ನಿಮಿಷ ಗೇಟು ತೆರೆದಿರಬೇಕು. ಆಮೇಲೆ ತಾನೇ ಬೀಗ ಹಾಕಿಕೊಳ್ಳಬೇಕು. ಹೊರಗೆ ಉಳಿದವಳಿಗೆ ಅರ್ಧ ದಿನದ ಕೂಲಿ ಇಲ್ಲ. ಸುಲಭದ ಕೆಲಸ.

ಜೂನ್ ೫, ಬುಧವಾರ

ಕಿರುಬೆರಳು ಜಾರುತ್ತಿದೆ. ಬೇರೆಲ್ಲೂ ಹೇಳಲಾರೆ, ಇಲ್ಲಿ ಬರೆಯುತ್ತೇನೆ.

ನಮ್ಮ ಕೋಡಿನಲ್ಲಿ "ಅಲ್ಲ" ಎನ್ನಲು ಉದ್ಗಾರ ಚಿಹ್ನೆ ಹಾಕುತ್ತೇವೆ. ಶಿಫ್ಟ್ ಹಿಡಿದು "ಒಂದು" ಎಂಬ ಅಂಕಿಯ ಕೀ ಒತ್ತಿದರೆ ಅದು ಬರುತ್ತದೆ. ಒಂದು ಇರುವುದು ಎಡಗೈ ಕಡೆ, ಹಾಗಾಗಿ ಶಿಫ್ಟ್ ಹಿಡಿಯಬೇಕಾದ್ದು ಬಲಗೈಯ ಕಿರುಬೆರಳು. ಅದು ನೇರ ಹೋಗಿ ಬಾಣದ ಮೇಲೆ ಕೂರುತ್ತದೆ. ಕರ್ಸರ್ ಟಣ್ಣನೆ ಮೇಲಿನ ಸಾಲಿಗೆ ಹಾರುತ್ತದೆ. ಚಿಹ್ನೆ ಬರುವುದಿಲ್ಲ, ಬರೀ ಒಂದು ಎಂಬ ಅಂಕಿ ಹೋಗಿ ಆ ಮೇಲಿನ ಸಾಲಿನಲ್ಲಿ ಎಲ್ಲೋ ಬೀಳುತ್ತದೆ. ಹುಡುಕಿ ಅಳಿಸುತ್ತೇನೆ. ಮತ್ತೆ ಬರೆಯುತ್ತೇನೆ. ಮತ್ತೆ ಹಾರುತ್ತದೆ.

ಸುತ್ತ ನೋಡಿದೆ. ಇಡೀ ಕೋಣೆಯಲ್ಲಿ ಇನ್ನೊಬ್ಬರಿಗೂ ಹೀಗಾಗುತ್ತಿಲ್ಲ. ಎರಡ್ಬೆರಳು ಕೂಡ ಹಾಯಾಗಿ ಕುಕ್ಕುತ್ತಿದ್ದಾನೆ! ಅಂದರೆ ಕೆಟ್ಟಿರುವುದು ನನ್ನ ಕೈ. ವಯಸ್ಸಾಯಿತು. ಕಿರುಬೆರಳಿಗೆ ಮೊದಲು ವಯಸ್ಸಾಗುತ್ತದೋ ಏನೋ.

ಸೂಜಿ ಬಂದು ಮೇಜಿಗೆ ಒರಗಿ ನಿಂತಳು. ನಾವು ಬರೆದ ಕೋಡಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಎಲ್ಲಿ ತೂತಿದ್ದರೂ ಚುಚ್ಚಿ ತೋರಿಸುತ್ತಾಳೆ.

"ಏನಕ್ಕ, ಕೀಬೋರ್ಡನ್ನ ಆ ಪಾಟಿ ಉಜ್ಜುತಿದೀರ? ಹಲ್ಲಾ ಅದು?"

"ಧೂಳು ಕಣೇ."

"ಹೊಸದರಲ್ಲಿ ಎಲ್ಲಿಂದ ಬರುತ್ತೆ ಧೂಳು? ಇರ್ಲಿ ಬಿಡಿ, ಬೆರಳೆತ್ತಿದ ಕಥೆ ಹೇಳಿ. ಟೀ ಹೊತ್ತು, ನಗುಮುಖ ಇಲ್ಲ."

ನೂರು ಸಲ ಕೇಳಿದ್ದಾಳೆ, ಆದರೂ ಬೇಕು. ನನ್ನ ಹರೆಯದಲ್ಲಿ ಟೈಪಿಸ್ಟರ ಸಂಘದಲ್ಲಿದ್ದೆ. ಎದ್ದು ಹೊರಗೆ ಹೋಗಿ ಘೋಷಣೆ ಕೂಗಿದರೆ ಕೆಲಸದಿಂದ ಕಿತ್ತು ಹಾಕುತ್ತಿದ್ದರು. ಅದಕ್ಕೆ ನಾವು ಕುರ್ಚಿ ಬಿಟ್ಟು ಏಳಲಿಲ್ಲ, ತುಟಿ ಬಿಚ್ಚಲಿಲ್ಲ. ಹತ್ತೂ ಬೆರಳನ್ನು ಕೀಗಳ ಮೇಲಿಂದ ಎತ್ತಿ ಗಾಳಿಯಲ್ಲಿ ಹಿಡಿದು ಕೂತೆವು. ಮಷೀನುಗಳ ಸದ್ದು ನಿಂತಾಗ ಆ ಕಟ್ಟಡಕ್ಕೆ ಹುಟ್ಟಿದ ಹೆದರಿಕೆ ಇದೆಯಲ್ಲ, ಅದನ್ನು ಹೇಳುವಾಗ ಇವತ್ತೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

"ನಾನೂ ಇರ್ಬೇಕಿತ್ತಕ್ಕ," ಅಂದಳು ಸೂಜಿ.

ನಾನು ಕಿರುಬೆರಳನ್ನು ಮಡಚಿ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೆ.

ಜೂನ್ ೧೧, ಮಂಗಳವಾರ

ಮನೆಯಲ್ಲಿ ಕೆಲಸ ಮಾಡುವಾಗ ಬಾಣದ ಕೀ ಮೇಲೆ ಗಾಯದ ಪಟ್ಟಿಯ ಚೂರೊಂದನ್ನು ಅಂಟಿಸಿಕೊಳ್ಳುತ್ತೇನೆ. ಒರಟು ತಾಗಿದರೆ ಬೆರಳಿಗೆ ಗೊತ್ತಾಗಲಿ ಎಂದು. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಕಿತ್ತು ಬಿಸಾಡುತ್ತೇನೆ. ಯಾರಾದರೂ ನೋಡಿದರೆ? ಇಷ್ಟು ದಿನದ ಹೆಸರು ಏನಾಗಬೇಕು?

ಅಮ್ಮ ನೋಡಿದಳು. ಕುರ್ಚಿಯಲ್ಲಿ ಕೂತಲ್ಲಿಂದಲೇ ಕಣ್ಣು ಕಿರಿದು ಮಾಡಿ, "ಯಾಕೆ, ಮಷೀನಿಗೆ ಗಾಯ ಆಯ್ತಾ?" ಅಂದಳು.

"ಕೀ ಒಂಚೂರು ಸಡಿಲ ಅಮ್ಮ."

"ಕೀ ಸಡಿಲಾನೋ ಕೈ ಸಡಿಲಾನೋ?"

ಪಟ್ಟಿಯ ಮೇಲೆ ಕೈ ಅಡ್ಡ ಇಟ್ಟೆ. ಕೈ ನಡುಗಲು ಶುರುವಾದ ಮೇಲೆ ಅವಳು ತನ್ನ ಶಾಲೆಗೆ ತಾನೇ ಬಾಗಿಲು ಹಾಕಿದವಳು. ಅವಳ ಮುಂದೆ ಏನು ಹೇಳಲಿ?

ಗೇಟಿನ ಕೋಡ್ ಮುಗಿಸಿ ಒಪ್ಪಿಸಿದೆ. ನಗುಮುಖ ಎರಡು ಸಲ ಫೋನ್ ಮಾಡಿ ಅವಸರ ಮಾಡಿದ್ದರಿಂದ ಕೊನೆಯ ಭಾಗವನ್ನು ಇನ್ನೊಮ್ಮೆ ಓದಲಾಗಲಿಲ್ಲ. ಸೂಜಿ ಲಾಂಡ್ರಿಗೇ ಹೋಗಿ ಯಂತ್ರ ಓಡಿಸಿ ನೋಡಿ ಬಂದಳು. "ಪಾಸ್ ಅಕ್ಕ," ಅಂದಳು. ಅನ್ನುವಾಗ ಒಂಥರಾ ನಕ್ಕಳು. ನನ್ನ ಬೆರಳು ತಡವರಿಸುವುದನ್ನು ಕಂಡುಬಿಟ್ಟಳೇ ಎಂದು ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡೆ.

ಜೂನ್ ೧೯, ಬುಧವಾರ

ನಗುಮುಖ ನಮ್ಮೆಲ್ಲರನ್ನೂ ಒಳಗೆ ಕರೆದ. ನಗುತ್ತಲೇ ಹೇಳಿದ, ಲಾಂಡ್ರಿಯ ಗೇಟು ಐದು ನಿಮಿಷಕ್ಕೆ ಮುಚ್ಚುತ್ತಿಲ್ಲವಂತೆ. ಹದಿನೈದು ನಿಮಿಷ ತೆರೆದೇ ಇರುತ್ತದಂತೆ. ವಾರವಿಡೀ ಹೆಂಗಸರು ಹತ್ತು ಹತ್ತು ನಿಮಿಷ ಹೆಚ್ಚು ಕೂತಿದ್ದಾರೆ, ಮಾಲೀಕರು ಉರಿದುಬಿದ್ದಿದ್ದಾರೆ.

ಅವನು ಕೋಡನ್ನು ಗೋಡೆಯ ಪರದೆ ಮೇಲೆ ತೆರೆಯುವ ಮೊದಲೇ ನನಗೆ ತಿಳಿದುಹೋಯಿತು. ಐದು ಎಂದು ಬರೆದ ಸಾಲು. ಅದರ ಕೆಳಗಿನ ಸಾಲಿನಲ್ಲಿ ಒಂದು "ಅಲ್ಲ". ಆ ಅಲ್ಲದ ಒಂದು ಮೇಲಿನ ಸಾಲಿಗೆ ಹಾರಿ ಐದರ ಮುಂದೆ ಹೋಗಿ ಕೂತಿದೆ; ಚಿಹ್ನೆಯನ್ನು ಮತ್ತೆ ಬರೆದಿದ್ದೇನೆ, ಹಾರಿದ ಒಂದನ್ನು ಅಳಿಸಲು ಮರೆತಿದ್ದೇನೆ. ಹದಿನೈದು.

ನನ್ನ ಬೆರಳು. ನನ್ನ ಹಾಳು ಕಿರುಬೆರಳು.

"ಬರೆಯುವಾಗ ತಪ್ಪಾಗೋದು ಸಹಜ," ಅಂದ ನಗುಮುಖ, ನನ್ನ ಕಡೆ ನೋಡದೆ. "ಹಿಡಿಯೋಕೆ ಅಂತಲೇ ಸಂಬಳ ಕೊಟ್ಟು ಒಬ್ಬರನ್ನ ಇಟ್ಕೊಂಡಿದೀವಲ್ಲ? ಏನಮ್ಮಾ, ಗೇಟು ಓಡಿಸಿ ನೋಡಿದ್ಯಾ?"

"ನೋಡ್ದೆ ಸಾರ್," ಅಂದಳು ಸೂಜಿ.

"ಹದಿನೈದು ಅಂತ ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಮತ್ತೆ?"

"ಸರಿ ಅನ್ನಿಸ್ತು ಸಾರ್."

ಯಾರೋ ಕಿಸಕ್ಕೆಂದರು. ನಗುಮುಖನ ನಗು ಇನ್ನೂ ಅಗಲವಾಯಿತು. ಇವತ್ತೇ ಲ್ಯಾಪ್‌ಟಾಪ್ ಒಪ್ಪಿಸಿ ಮನೆಗೆ ಹೋಗು, ತೀರ್ಮಾನ ಆಮೇಲೆ ತಿಳಿಸುತ್ತೇವೆ ಎಂದ. ಅವಳು ತಲೆ ತಗ್ಗಿಸಲಿಲ್ಲ. ಹೋಗುವಾಗ ನನ್ನನ್ನು ಒಮ್ಮೆ ನೋಡಿದಳು. ಬೈಗುಳದ ನೋಟವಲ್ಲ ಅದು. ಏನೋ ಕಾಯುವ ನೋಟ.

ನಾನು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದೆ. ಹೌದು, ಅಷ್ಟೇ ಮಾಡಿದ್ದು. ಬೆರಳೆತ್ತಿದವಳಂತೆ, ಥೂ.

ಜೂನ್ ೨೦, ಗುರುವಾರ

ಸಿಕ್ಕಿತು! ವಯಸ್ಸಲ್ಲ, ಕೈಯಲ್ಲ!

ಎರಡ್ಬೆರಳು ಕುಕ್ಕುವುದನ್ನು ಎವೆಯಿಕ್ಕದೆ ನೋಡಿದೆ. ಅವನು ಬಲಗಡೆಯ ಶಿಫ್ಟನ್ನು ಮುಟ್ಟುವುದೇ ಇಲ್ಲ. ಏನೇ ಬೇಕಿರಲಿ, ಎಡಗಡೆಯ ಶಿಫ್ಟೇ. ಅತ್ತ ಕೂತವಳೂ ಹಾಗೇ, ಇತ್ತ ಕೂತವನೂ ಹಾಗೇ. ಸರಿಯಾಗಿ ಕಲಿಯದವರಿಗೆ ಬಲಗಡೆ ಒಂದು ಶಿಫ್ಟ್ ಇದೆಯೆಂಬುದೇ ನೆನಪಿಲ್ಲ. ಈ ಕೀಬೋರ್ಡ್ ಮುಗ್ಗರಿಸುವಂತೆ ಮಾಡುವುದು ಕ್ರಮವಾಗಿ ಟೈಪಿಂಗ್ ಕಲಿತವಳನ್ನು ಮಾತ್ರ. ಅಂಥವಳು ಈ ಕೋಣೆಯಲ್ಲಿ ನಾನೊಬ್ಬಳೇ.

"ಏನಕ್ಕ, ನನ್ನ ಕೈ ಮೇಲೆ ಕಣ್ಣು ಹಾಕ್ತಿದೀರ? ಇರೋದೇ ಎರಡು," ಅಂದ ಅವನು.

ನಕ್ಕೆ. ಜೋರಾಗಿ ನಕ್ಕೆ. ಆಮೇಲೆ ಸೂಜಿಯ ಖಾಲಿ ಕುರ್ಚಿ ಕಾಣಿಸಿತು. ಅವಳ ಕುರ್ಚಿಯ ಬೆನ್ನಿಗೆ ಮಗುವಿನ ಟೋಪಿಯೊಂದು ನೇತುಹಾಕಿದ್ದು ಹಾಗೇ ಉಳಿದುಬಿಟ್ಟಿದೆ.

ಜೂನ್ ೨೪, ಸೋಮವಾರ

ಲಾಂಡ್ರಿಗೆ ಹೋಗಿ ಗೇಟು ಸರಿ ಮಾಡಿ ಬಾ ಎಂದು ಕಳಿಸಿದರು. ಹೋದೆ.

ಒಳಗೆ ಕಾಲಿಟ್ಟೊಡನೆ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಕುದಿಯುವ ನೀರಿನ ಡ್ರಮ್ಮುಗಳು, ಕಾದ ಉರುಳೆಗಳು. ಎರಡು ಉರುಳೆಗಳ ಮಧ್ಯೆ ಒದ್ದೆ ಹೊದಿಕೆ ನುಗ್ಗಿಸುವ ಹೆಂಗಸರು. ಮೊಣಕೈವರೆಗೂ ಬೊಬ್ಬೆಯ ಕಲೆ. ಅಷ್ಟೂ ಜನರಿಗೆ ಗೇಟಿನ ಆಚೆ ಅಂಗಳದ ಮೂಲೆಯಲ್ಲಿ ಒಂದು ಕಕ್ಕಸು, ಒಂದು ನಲ್ಲಿ.

ಊಟದ ಹೊತ್ತು. ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಚಪ್ಪಲಿ ಬಿಚ್ಚಿ, ಊದಿದ ಕಾಲನ್ನು ನೆರಳಿಗೆ ಚಾಚಿ. ಬಿಡುವು ಮುಗಿದ ಗಂಟೆ ಹೊಡೆಯಿತು. ಯಾರೂ ಗಡಬಡಿಸಲಿಲ್ಲ. ಹಣೆಗೆ ಬಟ್ಟೆ ಕಟ್ಟಿಕೊಂಡವಳೊಬ್ಬಳು ನನಗೂ ಜಾಗ ಬಿಟ್ಟುಕೊಟ್ಟು ಹೇಳಿದಳು:

"ಕೂತ್ಕೊಳಮ್ಮ. ಹೊಸ ಗೇಟು ಬಂದ್ಮೇಲೆ ಸ್ವಲ್ಪ ಕಾಲು ಚಾಚೋ ಹಾಗಾಗಿದೆ. ಅದನ್ನ ಮಾಡಿದೋಳು ಯಾರೋ ಹೆತ್ತ ಹೊಟ್ಟೆಯೋಳೇ ಇರ್ಬೇಕು."

"ಹೆತ್ತ ಹೊಟ್ಟೆ ಎಲ್ಲಿಂದ ಬಂತೇ?" ಅಂದಳು ಪಕ್ಕದವಳು. "ಯಾವನೋ ಸೋಮಾರಿ ಇರ್ಬೇಕು. ಅವನ ಸೋಮಾರಿತನ ತಣ್ಣಗಿರ್ಲಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು.

"ನೀನು ಯಾರಮ್ಮ? ಹೊಸದಾಗಿ ಸೇರಿದ್ಯಾ?"

"ಗೇಟು ರಿಪೇರಿಗೆ ಬಂದೋಳು."

"ಕೆಟ್ಟಿಲ್ವಲ್ಲ! ಚೆನ್ನಾಗೇ ಇದೆ."

ಅವರು ಒಳಗೆ ಹೋದ ಮೇಲೆ ಗೇಟಿನ ಪಕ್ಕದ ಕೋಣೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಒಂದೇ ಒತ್ತು. ಈ ಹಾಳು ಕೀಬೋರ್ಡಿನಲ್ಲಿ ಶಿಫ್ಟನ್ನು ಕತ್ತರಿಸಿದವರು ಅಳಿಸುವ ಕೀಯನ್ನು ಮಾತ್ರ ಅಗಲವಾಗಿ ಬಿಟ್ಟಿದ್ದಾರೆ. ಒಂದು ಹೋಯಿತು. ಐದು ಉಳಿಯಿತು.

ಆದದ್ದು ಆಯಿತೆಂದು ಹೊರಡಬೇಕಿತ್ತು. ಆದರೆ ಎರಡನೇ ಪಾಳಿಯ ಬಿಡುವಿನಲ್ಲಿ ಸರಿಯಾಗಿ ಮುಚ್ಚುತ್ತದೋ ಎಂದು ನೋಡಿಕೊಂಡು ಬಾ ಎಂದಿದ್ದರು. ನಿಂತೆ. ಮಡಚಿದ ಹೊದಿಕೆಗಳ ಗಂಟು ಲಾರಿಗೆ ಹಾಕಲೆಂದು ಹಣೆಬಟ್ಟೆಯವಳನ್ನು ಎರಡನೇ ಪಾಳಿಗೂ ಉಳಿಸಿಕೊಂಡಿದ್ದರು. ಗಂಟೆ ಹೊಡೆದಾಗ ಅವಳು ಕಕ್ಕಸಿನ ಸಾಲಿನಲ್ಲಿದ್ದಳು. ಅರ್ಧ ಸಾಲೂ ಕರಗಿರಲಿಲ್ಲ, ಗೇಟು ಖಟ್ಟೆಂದಿತು. ಕೆಂಪು ದೀಪ. ಓಡಿ ಬಂದು ಅಂಗೈಯಿಂದ ತಟ್ಟಿದಳು. ಹಿಂದೆ ಇನ್ನೂ ಏಳೆಂಟು ಜನ.

ನನ್ನನ್ನು ಕಂಡು ನಕ್ಕಳು. "ಈಗ ಕೆಟ್ಟಿತು ನೋಡಮ್ಮ. ಬೇಗ ಸರಿ ಮಾಡು."

ಚೀಲ ಹೆಗಲಿಗೆ ಹಾಕಿಕೊಂಡು ಬಂದುಬಿಟ್ಟೆ.

ಜೂನ್ ೨೫, ಮಂಗಳವಾರ

ಅಮ್ಮ ಊಟಕ್ಕೆ ಕರೆದಳು. ಹಸಿವಿಲ್ಲ ಅಂದೆ. ಹಸಿವಿತ್ತು.

ಜೂನ್ ೨೮, ಶುಕ್ರವಾರ

ಧೈರ್ಯ ಮಾಡಿ ನಗುಮುಖನ ಕೋಣೆಗೆ ಹೋದೆ. ಎಲ್ಲ ಹೇಳಿದೆ: ಉಗುರಿನಷ್ಟು ಶಿಫ್ಟ್, ಪಕ್ಕದ ಬಾಣ, ಹಾರಿದ ಒಂದು. ಹೇಳುವಾಗ ಕಿವಿ ಬಿಸಿಯಾಯಿತು.

"ಅಯ್ಯೋ ಮೇಡಂ, ಇಷ್ಟೇನಾ? ಮೊದಲೇ ಹೇಳೋದಲ್ವಾ!"

"ಹಾಗಾದ್ರೆ ಸೂಜಿದು ತಪ್ಪಿಲ್ಲ ಅಂತಾಯ್ತಲ್ಲ ಸಾರ್. ಅವಳನ್ನ ವಾಪಸ್ ಕರೀರಿ."

"ಅದು ಬೇರೆ, ಇದು ಬೇರೆ. ಕೈ ಜಾರಬಹುದು, ಕಣ್ಣು ಜಾರಬಾರದು. ನೋಡಿಯೂ ಸುಮ್ಮನಿದ್ದೆ ಅಂತ ಅವಳೇ ಒಪ್ಪಿಕೊಂಡಿದಾಳೆ." ಹಲ್ಲು ಪಳಪಳ ಹೊಳೆಯಿತು. "ಬುಧವಾರ ಲಾಂಡ್ರಿ ಮಾಲೀಕರು ಬರ್ತಾರೆ. ನೀವು ಇದನ್ನೇ ಹೇಳಿ. ಸಣ್ಣ ಕೀಬೋರ್ಡು, ಬೆರಳು ಜಾರಿತು, ಪರೀಕ್ಷೆ ಮಾಡೋಳು ಹಿಡೀಲಿಲ್ಲ, ಅವಳನ್ನ ತೆಗೆದ್ವಿ. ಅಲ್ಲಿಗೆ ಮುಗೀತು. ನೀವು ನಮಗೆ ಬೇಕಾದವರು ಮೇಡಂ."

ಸಂಜೆಯೊಳಗೆ ನನ್ನ ಮೇಜಿಗೆ ಹೊಸ ದೊಡ್ಡ ಕೀಬೋರ್ಡ್ ಬಂತು. ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಳ್ಳುವುದು. ಆಳವಾದ ಕೀಗಳು, ಒತ್ತಿದರೆ ಗಟ್ಟಿ ಸದ್ದು, ಬಲಗಡೆ ಹೆಬ್ಬೆಟ್ಟಿನಗಲದ ಶಿಫ್ಟ್. ಹತ್ತೂ ಬೆರಳಿಗೆ ಜೀವ ಬಂತು. ನಾಚಿಕೆಗೆಟ್ಟವು, ಕುಣಿದವು. ಒಂದು ತಪ್ಪಿಲ್ಲ, ಒಂದು ಹಾರಾಟವಿಲ್ಲ.

ಎರಡ್ಬೆರಳು ಬಗ್ಗಿ ನೋಡಿದ. "ನಮಗೂ ಮಣಿಕಟ್ಟು ನೋಯುತ್ತೆ. ಇದು ನಿಮಗೊಬ್ರಿಗೇನಾ ಅಕ್ಕ?"

"ಹೂಂ," ಅಂದೆ.

"ಏನು ಕೊಟ್ರಿ ಅದಕ್ಕೆ?"

ತಮಾಷೆಗೇ ಕೇಳಿದ್ದು. ಆದರೂ ಉತ್ತರ ಅಲ್ಲೇ ಎದುರಿಗೆ ಕೂತಿತ್ತು. ಖಾಲಿ ಕುರ್ಚಿ, ಮಗುವಿನ ಟೋಪಿ.

ಜೂನ್ ೩೦, ಭಾನುವಾರ

ಟೋಪಿ ಕೊಡುವ ನೆಪದಲ್ಲಿ ಸೂಜಿಯ ಮನೆಗೆ ಹೋದೆ. ಒಂದೇ ಕೋಣೆ. ಮಗು ನೆಲದಲ್ಲಿ ಕೂತು ತಟ್ಟೆ ಬಡಿಯುತ್ತಿತ್ತು. ಅವಳು ಬಟ್ಟೆ ಮಡಚುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು ನೋಡಿ, ಅದನ್ನೇ ನನಗೆ ತಡೆಯಲಾಗಲಿಲ್ಲ.

"ಬರ್ತೀರ ಅಂತ ಗೊತ್ತಿತ್ತಕ್ಕ. ನಾನೇನೂ ಬಾಯಿ ಬಿಟ್ಟಿಲ್ಲ, ಹೆದರಬೇಡಿ."

"ಏನು ಬಾಯಿ ಬಿಡೋದೇ?"

ದನಿ ತಗ್ಗಿಸಿದಳು. "ಹದಿನೈದು. ನಾನು ಲಾಂಡ್ರಿಗೆ ಹೋಗಿದ್ನಲ್ಲ, ಆ ಕಕ್ಕಸಿನ ಸಾಲು ನೋಡ್ದೆ. ಐದು ನಿಮಿಷಕ್ಕೆ ಎಲ್ಲಿ ಮುಗಿಯುತ್ತೆ ಅದು? ಆಮೇಲೆ ಗೇಟು ಓಡಿಸಿ ನೋಡಿದ್ರೆ ಹದಿನೈದು! ಅಕ್ಕ ಬೇಕಂತಲೇ ಇಟ್ಟಿದಾರೆ ಅಂದ್ಕೊಂಡೆ. ಬೆರಳೆತ್ತಿದೋರಲ್ವಾ ನೀವು? ಹಿಡಿದು ತೋರಿಸೋಕೆ ಮನಸ್ಸು ಬರ್ಲಿಲ್ಲ. ಪಾಸ್ ಅಂದುಬಿಟ್ಟೆ."

ಅವಳ ಕಣ್ಣಲ್ಲಿ ನಾನು ಯಾರೋ ಆಗಿ ನಿಂತಿದ್ದೆ. ಸುಮ್ಮನಿದ್ದಿದ್ದರೆ ಹಾಗೇ ನಿಂತಿರಬಹುದಿತ್ತು. ಟೋಪಿ ಕೊಟ್ಟು, ಮಗುವಿನ ಕೆನ್ನೆ ಚಿವುಟಿ, ದೊಡ್ಡ ಮನುಷ್ಯಳಾಗಿ ಎದ್ದು ಬರಬಹುದಿತ್ತು. ಒಂದು ಕ್ಷಣ ಅದಕ್ಕೂ ಆಸೆಪಟ್ಟೆ. ಬರೆದಿಡುತ್ತೇನೆ: ಆಸೆಪಟ್ಟೆ.

"ಬೇಕಂತ ಅಲ್ಲ ಕಣೇ. ಕೈ ಜಾರಿತು. ಶಿಫ್ಟ್ ಒತ್ತೋಕೆ ಹೋಗಿ ಬಾಣ ಒತ್ತಿದೆ."

ಅವಳ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಗೇ ನಿಂತಿತು.

"ಮೀಟಿಂಗಲ್ಲಿ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಹಾಗಾದ್ರೆ ನಾನು ಒಂದು ಕೀಗೋಸ್ಕರ ಕೆಲಸ ಕಳ್ಕೊಂಡೆನಾ ಅಕ್ಕ?"

ಮಗು ತಟ್ಟೆ ಬಡಿಯುತ್ತಲೇ ಇತ್ತು. ನಾನು ಹೋದ ಸೋಮವಾರ ಗೇಟನ್ನು ಮತ್ತೆ ಐದಕ್ಕೆ ತಂದದ್ದನ್ನೂ ಹೇಳಿದೆ. ಹಣೆಬಟ್ಟೆಯವಳು ಹೊರಗೆ ಉಳಿದದ್ದನ್ನೂ. ದೊಡ್ಡ ಕೀಬೋರ್ಡನ್ನೂ. ಎಲ್ಲ ಕಕ್ಕಿದೆ.

ಅವಳು ಬೈಯಲಿಲ್ಲ. ಅಂಗಿಯನ್ನು ಬಿಚ್ಚಿ, ಕೊಡವಿ, ಮೊದಲಿಂದ ಮಡಚಿದಳು. "ಕೈ ಜಾರಿದಾಗ ಮಾಡಿದ್ದು ಒಳ್ಳೇದಾಗಿತ್ತು. ನೆಟ್ಟಗಿದ್ದಾಗ ಮಾಡಿದ್ದು ನೋಡಿ ಎಂಥದ್ದು. ಹೋಗಿ ಅಕ್ಕ. ಈಗ ಹೋಗಿ."

ನನ್ನ ಚಪ್ಪಲಿಯ ಪಟ್ಟಿ ಸಿಕ್ಕಿಸಲು ತುಂಬ ಹೊತ್ತು ಹಿಡಿಯಿತು.

ಜುಲೈ ೨, ಮಂಗಳವಾರ

ನಾಳೆ ಲಾಂಡ್ರಿ ಮಾಲೀಕ ಬರುತ್ತಾನೆ. ಹೇಳಬೇಕಾದ್ದನ್ನು ನಗುಮುಖ ಬಾಯಿಪಾಠ ಮಾಡಿಸಿದ್ದಾನೆ.

ಸಂಜೆ ಎಲ್ಲರೂ ಹೊರಟ ಮೇಲೆ ಕೂತೇ ಇದ್ದೆ. ದೊಡ್ಡ ಕೀಬೋರ್ಡಿನ ವಯರು ಕಿತ್ತು ಪಕ್ಕಕ್ಕಿಟ್ಟೆ. ಅದರ ಮೇಲೆ ಕೈ ಇಡಲು ಮನಸ್ಸಾಗಲಿಲ್ಲ. ಪುಟಾಣಿ ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು ಗೇಟಿನ ಕೋಡ್ ತೆಗೆದೆ.

ಬೆರಳುಗಳು ಅಭ್ಯಾಸದಂತೆ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಕಣ್ಣು ಪರದೆಯ ಮೇಲೆ. ಇಷ್ಟು ವರ್ಷ ಹಾಗೇ ಅಲ್ಲವೇ? ಅವರು ಹೇಳಿದರು, ನಾನು ಹೊಡೆದೆ. ಎಷ್ಟು ಬೀಗ, ಎಷ್ಟು ಗೇಟು, ಎಷ್ಟು ಹಾಜರಿ ಕಡಿತ ಈ ಕೈಯಿಂದ ಹೋಗಿದೆಯೋ! ಕೈ ಮೇಲೆ ಟವೆಲ್ ಹೊದ್ದುಕೊಂಡೇ ಕೂತಿದ್ದೆ. ವೇಗ ಎಷ್ಟು, ತಪ್ಪು ಎಷ್ಟು ಎಂದಷ್ಟೇ ಎಣಿಸಿದೆ. ಏನು ಹೊಡೆಯುತ್ತಿದ್ದೇನೆ ಎಂದು ನೋಡಿದ್ದರೆ ತಾನೆ?

ಕಣ್ಣು ಕೆಳಗೆ ತಂದೆ. ನನ್ನ ಕೈಯನ್ನು ನೋಡಿದೆ. ಅಮ್ಮನ ಕೈಯಂತೆಯೇ ಆಗುತ್ತಿದೆ, ಗೆಣ್ಣು ದಪ್ಪ, ಉಗುರು ಮೋಟು. ಬಾಣ ಇಲ್ಲಿದೆ. ಶಿಫ್ಟ್ ಇಲ್ಲಿದೆ. ಒಂದು ಅಲ್ಲಿದೆ.

ಎರಡ್ಬೆರಳಿನಂತೆ ತೋರುಬೆರಳು ಚಾಚಿ, ಐದರ ಮುಂದೆ ಒಂದನ್ನು ಒತ್ತಿದೆ. ಲಾಂಡ್ರಿಗೆ ಕಳಿಸಿದೆ.

ಇನ್ನೂ ನಾಚಿಕೆಯೇ ಆಗುತ್ತಿದೆ. ಆದರೆ ಹಸಿವೂ ಆಗುತ್ತಿದೆ.

ಜುಲೈ ೩, ಬುಧವಾರ

ಮೊದಲು ಇದನ್ನು ಬರೆಯುತ್ತೇನೆ: ಆಫೀಸಿನ ಸ್ಟೋರಿನವನು ನನ್ನ ಲ್ಯಾಪ್‌ಟಾಪ್ ವಾಪಸ್ ತಗೊಳ್ಳುವಾಗ ತಳದ ರಬ್ಬರಿನ ಕಾಲು ಒಂದಿಲ್ಲ ಎಂದು ಜಗಳ ತೆಗೆದ. ಇಷ್ಟುದ್ದದ ರಬ್ಬರು! ಬಲಗಡೆಯ ಶಿಫ್ಟ್ ಮುಕ್ಕಾಲು ಇಲ್ಲವಲ್ಲ, ಅದು ಯಾರ ಲೆಕ್ಕ ಎಂದು ಕೇಳಿದೆ. ಇಡೀ ಮಹಡಿಗೆ ಕೇಳುವಂತೆ ಕೇಳಿದೆ. ಅಂಥ ಗಂಟಲು ನನಗಿತ್ತೆಂಬುದೇ ಮರೆತುಹೋಗಿತ್ತು. ಈ ಕೀಬೋರ್ಡ್ ಮನುಷ್ಯರ ಕೈಗೆ ಮಾಡಿದ್ದಲ್ಲ, ಇಲ್ಲಿ ಕೂತವರ ಮಣಿಕಟ್ಟುಗಳನ್ನೆಲ್ಲ ತಿನ್ನುತ್ತಿದೆ, ಎಲ್ಲರೂ ತಮ್ಮ ಕೈಯೇ ಕೆಟ್ಟದ್ದು ಅಂದುಕೊಂಡು ಬಾಯಿ ಮುಚ್ಚಿದ್ದಾರೆ ಅಂದೆ. ಮೂರ್ನಾಲ್ಕು ಜನ ತಮ್ಮ ತಮ್ಮ ಮಣಿಕಟ್ಟು ನೋಡಿಕೊಂಡರು.

ಅದಕ್ಕೂ ಮುಂಚಿನ ಮೀಟಿಂಗು ಹೀಗಾಯಿತು. ಮಾಲೀಕ ಒಳ್ಳೆಯ ಬಟ್ಟೆ ಹಾಕಿದ್ದ, ಇಸ್ತ್ರಿ ಗರಿಗರಿ. ನಗುಮುಖ ನನ್ನ ಕಡೆ ತಿರುಗಿ, "ಹೇಳಿ ಮೇಡಂ, ಏನಾಗಿತ್ತು?" ಅಂದ.

"ಮೊದಲ ಸಲದ ಹದಿನೈದು ಕೀಬೋರ್ಡಿಂದ ಆದದ್ದು," ಅಂದೆ. "ಇವತ್ತಿನ ಹದಿನೈದು ನನ್ನದು. ಬೆಳಿಗ್ಗೆಯಿಂದ ನಿಮ್ಮ ಗೇಟು ಅದರ ಮೇಲೇ ನಡೀತಿದೆ."

ಮಾಲೀಕ ನಗುಮುಖನನ್ನು ನೋಡಿದ. ನಗುಮುಖನ ಹಲ್ಲು ಮುಚ್ಚಿದ್ದನ್ನು ಈ ಜನ್ಮದಲ್ಲಿ ಮೊದಲ ಸಲ ನೋಡಿದೆ.

"ಉರುಳೆಯಿಂದ ಕಕ್ಕಸಿಗೆ ನಡೆದು ನೋಡಿದೀರಾ ಸಾರ್ ನೀವು? ಅಷ್ಟು ಜನಕ್ಕೆ ಒಂದೇ ಒಂದು. ಐದು ಅನ್ನೋದೇ ತಪ್ಪು. ಆ ತಪ್ಪನ್ನ ಈ ಆಫೀಸಲ್ಲಿ ಹಿಡಿದೋಳು ಒಬ್ಬಳೇ. ಅವಳನ್ನೇ ಹೊರಗೆ ಹಾಕಿದೀರಿ. ಅವಳು ವಾಪಸ್ ಬರಬೇಕು. ಇಲ್ಲ ಅಂದ್ರೆ ನನ್ನನ್ನೂ ಹಾಕಿ, ಅವತ್ತು ಅವಳ ಪಕ್ಕ ನಿಲ್ಲದೆ ಕೂತೇ ಇದ್ದೋಳು ನಾನು."

ನಗುಮುಖ ಬಾಗಿಲು ತೆರೆದು ಎರಡ್ಬೆರಳನ್ನು ಕೂಗಿದ. "ಬಾರಯ್ಯ ಇಲ್ಲಿ. ಆ ಗೇಟಿನ ಕೋಡ್ ತೆಗೆದು ಐದು ಮಾಡು. ಒಂದು ನಿಮಿಷದ ಕೆಲಸ."

ನಿಜ. ಒಂದು ನಿಮಿಷದ್ದೂ ಅಲ್ಲ, ಒಂದು ಒತ್ತಿನ ಕೆಲಸ. ಯಾರು ಬೇಕಾದರೂ ಮಾಡಬಹುದು. ಅದು ನನಗೂ ಗೊತ್ತಿತ್ತು.

ಎರಡ್ಬೆರಳು ಬಂದು ಕೂತ. ಲ್ಯಾಪ್‌ಟಾಪ್ ನೋಡಿದ, ನನ್ನನ್ನು ನೋಡಿದ. ಅವನು ನನ್ನ ಕಥೆಗಳನ್ನು ಕೇಳಿಸಿಕೊಂಡವನೇ ಅಲ್ಲ, ಟೀ ಹೊತ್ತಿನಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂರುತ್ತಿದ್ದ ಅಂತಲೇ ತಿಳಿದಿದ್ದೆ. ನಿಧಾನಕ್ಕೆ ಎರಡೂ ತೋರುಬೆರಳನ್ನು ಕೀಗಳ ಮೇಲಿಂದ ಎತ್ತಿ ಗಾಳಿಯಲ್ಲಿ ಹಿಡಿದ.

"ಏನಯ್ಯ ಇದು?" ಅಂದ ನಗುಮುಖ.

"ನಂಗೆ ಬೆರಳು ಎರಡೇ ಸಾರ್. ಎರಡೂ ಎತ್ತಿದೀನಿ."

ಬಾಗಿಲು ತೆರೆದೇ ಇತ್ತು. ಹೊರಗೆ ಕುಟ್ಟುವ ಸದ್ದು ಒಂದೊಂದೇ ಮೇಜಿನಲ್ಲಿ ನಿಂತಿತು.

ಮುಂದೇನೋ ಗೊತ್ತಿಲ್ಲ. ನನ್ನನ್ನು ಮನೆಗೆ ಕಳಿಸಿದರು. ಸೂಜಿಗೆ ನಾನು ಫೋನ್ ಮಾಡಲಿಲ್ಲ. ಎರಡ್ಬೆರಳು ಮಾಡಿದನಂತೆ, ಅವಳು ಎಲ್ಲ ಕೇಳಿ ಏನೂ ಅನ್ನದೆ ಇಟ್ಟಳಂತೆ. ಅನ್ನಬೇಕಾಗಿಯೂ ಇಲ್ಲ. ಬರುವಾಗ ಲಾಂಡ್ರಿಯ ದಾರಿಯಲ್ಲೇ ಬಂದೆ, ಊಟದ ಹೊತ್ತಿಗೆ. ಗೋಡೆಯ ಆಚೆ ಗಂಟೆ ಹೊಡೆಯಿತು. ನಿಂತು ಕೇಳಿದೆ. ತುಂಬ ಹೊತ್ತು ಗೇಟಿನ ಖಟ್ಟೆಂಬ ಸದ್ದು ಬರಲಿಲ್ಲ. ಯಾರೋ ಹೆಂಗಸರು ನಗುತ್ತಿದ್ದರು.

ಅಮ್ಮ ಬಾಗಿಲಲ್ಲೇ ಇದ್ದಳು. "ಏನೇ, ಇಷ್ಟು ಬೇಗ? ಮಷೀನೆಲ್ಲಿ?"

"ವಾಪಸ್ ಕೊಟ್ಟೆ." ಅಲ್ಲೇ ಕೂತು ಎಲ್ಲ ಹೇಳಿದೆ. ಕೈ ನೋಡಿಕೊಂಡು ಹೊಡೆದದ್ದನ್ನೂ ಹೇಳಿದೆ. ಗೆಣ್ಣಿಗೆ ಸ್ಕೇಲು ಬೀಳುವುದೆಂದು ಈ ವಯಸ್ಸಿನಲ್ಲೂ ಬೆರಳು ತಾನಾಗಿ ಮಡಚಿಕೊಂಡವು.

ಅಮ್ಮ ತನ್ನ ಕೈಯನ್ನು ನೋಡಿಕೊಂಡಳು.

"ಕೆಳಗೆ ನೋಡಿ ಹೊಡೆದ್ಯಾ?"

"ನೋಡೇ ಹೊಡೆದೆ ಅಮ್ಮ."

"ತಪ್ಪು ಬಿತ್ತಾ?"

"ಇಲ್ಲ."

"ಹಾಗಾದ್ರೆ ಊಟಕ್ಕೇಳು," ಅಂದಳು.